ಮಲಯದ ತೋಟದಲ್ಲಿ ಹಸಿರು ಬಳೆ

ಮೇಲೂರು

"ಅಲ್ಲಮ್ಮ ರತ್ನಮ್ಮ, ಒಂದು ನರ್ಸ್ ಕೆಲಸಕ್ಕೆ ಸಮುದ್ರ ದಾಟಿ ಹೋಗ್ಬೇಕಿತ್ತಾ?" ಎಂದು ಇವತ್ತಿಗೂ ನನ್ನನ್ನು ಕೇಳುವವರಿದ್ದಾರೆ. ಹೋಗಬೇಕಿರಲಿಲ್ಲ. ಶಿಡ್ಲಘಟ್ಟದಲ್ಲಿ ಸಿಕ್ಕಿದ್ದರೆ ಶಿಡ್ಲಘಟ್ಟದಲ್ಲೇ ಮಾಡುತ್ತಿದ್ದೆ, ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಣ್ಣುತ್ತಿದ್ದೆ. ಸಿಗಲಿಲ್ಲ, ಹೋದೆ. ಅಷ್ಟೇ ಕಥೆ ಎಂದರೆ ಯಾರೂ ಬಿಡುವುದಿಲ್ಲವಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ನರ್ಸಿಂಗೂ ಹೆರಿಗೆಯ ತರಬೇತಿಯೂ ಮುಗಿಸಿ ಸರ್ಟಿಫಿಕೇಟು ಹಿಡಿದು ಊರಿಗೆ ಬಂದಾಗ ನನಗೆ ಇಪ್ಪತ್ತೆರಡು. ಚಿಕ್ಕಬಳ್ಳಾಪುರಕ್ಕೆ ಹೋಗಿ ಕೇಳಿದೆ, ಜಾಗ ಖಾಲಿಯಿಲ್ಲ ಎಂದರು. ಗೌರಿಬಿದನೂರಿಗೆ ಹೋದೆ, ಪಟ್ಟಿಯಲ್ಲಿ ಹೆಸರು ಬರಲಿ ನೋಡೋಣ ಎಂದರು. ಚಿಂತಾಮಣಿಯಲ್ಲಿ ಒಬ್ಬ ಗುಮಾಸ್ತರು ನನ್ನ ಸರ್ಟಿಫಿಕೇಟನ್ನು ಮೇಲಿಂದ ಕೆಳಗಿನವರೆಗೆ ಓದಿ, "ಅಕ್ಷರ ಚೆನ್ನಾಗಿದೆ" ಎಂದು ಮೆಚ್ಚಿ ವಾಪಸು ಕೊಟ್ಟರು. ಎಂಟು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ರೇಷ್ಮೆ ಹುಳ ಮೇಯಿಸುವುದು ನನ್ನ ಪಾಲಿಗೇ ಬಂದಿತ್ತು.

ಆಗ ಬಂದವನು ನಾರೆಪ್ಪ ಮಾವ, ನಮ್ಮಮ್ಮನ ತಮ್ಮ. ಚಿಂತಾಮಣಿಯವನು, ಮಲಯದಲ್ಲಿ ಒಂದು ರಬ್ಬರ್ ತೋಟದ ಆಫೀಸಿನಲ್ಲಿ ಗುಮಾಸ್ತ. ರಜೆಗೆ ಬಂದವನು ಅಪ್ಪನ ಎದುರು ಕೂತು ಮಾತು ತೆಗೆದ.

"ನಮ್ಮ ತೋಟದ ಕೂಲಿ ಜನವೆಲ್ಲ ತೆಲುಗರು ಭಾವ. ತೆಲುಗು ಬರೋ ನರ್ಸು ಸಿಗ್ತಿಲ್ಲ ಅಂತ ದೊರೆ ಒದ್ದಾಡ್ತಿದಾನೆ. ನಮ್ಮ ರತ್ನ ತೆಲುಗು ಮಾತಾಡಲ್ವಾ?"

"ಸಂತೇಲಿ ಚೌಕಾಸಿ ಮಾಡೋ ತೆಲುಗು ಕಣೋ ಅದು" ಎಂದರು ಅಪ್ಪ.

"ಹೆರಿಗೆ ಹೊತ್ತಲ್ಲಿ ಅದಕ್ಕಿಂತ ಜಾಸ್ತಿ ಏನು ಬೇಕು ಭಾವ!"

ಅಪ್ಪ ನನ್ನ ಕಡೆ ತಿರುಗಿದರು. "ಹೋಗು. ಆದ್ರೆ ಇದೇ ಕೊನೆ ಕಣಮ್ಮ. ಅಲ್ಲೂ ಬೇಡ ಅಂತ ಕಳಿಸಿದ್ರೆ ಆ ಕಾಗದಾನ ಅಟ್ಟಕ್ಕೆ ಹಾಕಿ, ಹುಳ ಮೇಯಿಸ್ಕೊಂಡು ಮನೇಲಿರ್ಬೇಕು. ಮತ್ತೆ ಕೆಲಸ ಗಿಲಸ ಅನ್ನಂಗಿಲ್ಲ."

"ಆಯ್ತಪ್ಪ" ಎಂದೆ. ಅಷ್ಟು ಧೈರ್ಯವಾಗಿ ಹೇಳಿದ್ದು ಬಾಯಿ ಮಾತ್ರ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಣ್ಣ ರೈಲು, ದೊಡ್ಡ ಹಡಗು

ಮಲಯಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅದು. ಶಿಡ್ಲಘಟ್ಟದಲ್ಲಿ ನಮ್ಮ ಸಣ್ಣ ರೈಲು ಹತ್ತಿದೆವು. ಆ ರೈಲಿನ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಏರಿನಲ್ಲಿ ಇಳಿದು ನಡೆದರೆ ನಾವೇ ಮುಂದೆ ಹೋಗುತ್ತೇವೆ. ಬೌರಿಂಗ್‌ಪೇಟೆಯಲ್ಲಿ ಮದರಾಸಿನ ರೈಲು, ಮದರಾಸಿನಲ್ಲಿ ಹಡಗು.

ನಮ್ಮದು ನದಿಯಿಲ್ಲದ ಸೀಮೆ. ನಾನು ಕೆರೆ ನೋಡಿ ಬೆಳೆದವಳು. ಕೆರೆ ಎಷ್ಟೇ ದೊಡ್ಡದಿರಲಿ, ಆಚೆ ದಡದಲ್ಲಿ ಯಾರಾದರೂ ಎಮ್ಮೆ ತೊಳೆಯುತ್ತಿರುತ್ತಾರೆ. ಇಲ್ಲಿ ನೋಡಿದರೆ ಬರೀ ನೀರು! ಮೊದಲ ಮೂರು ದಿನ ಹೊಟ್ಟೆ ತೊಳಸಿ ಮೇಲಟ್ಟದ ಮೂಲೆಯಲ್ಲಿ ಬಿದ್ದುಕೊಂಡಿದ್ದೆ. ಮಾವ ಪಕ್ಕದವರಿಗೆಲ್ಲ "ನಮ್ಮ ಹುಡುಗಿ ನರ್ಸು" ಎಂದು ಮೊದಲೇ ಸಾರಿಬಿಟ್ಟಿದ್ದರಿಂದ, ತಂಜಾವೂರಿನ ಕಡೆಯ ಒಬ್ಬ ಅಜ್ಜಿ ನನ್ನ ಬಾಯಿಗೆ ನಿಂಬೆ ಉಪ್ಪಿನಕಾಯಿ ಒತ್ತುತ್ತಾ, ನರ್ಸಿಗೇ ಹೀಗಾದರೆ ನಮ್ಮ ಗತಿಯೇನು ಎಂದು ನಕ್ಕಿದ್ದೇ ನಕ್ಕಿದ್ದು. ನಾಲ್ಕನೇ ದಿನ ಎದ್ದು ಕೂತೆ. ಐದನೇ ದಿನ ಅದೇ ಅಜ್ಜಿಯ ಕಾಲಿನ ಹುಣ್ಣಿಗೆ ನಾನು ಪಟ್ಟಿ ಕಟ್ಟಿದೆ. ಲೆಕ್ಕ ಸಮವಾಯಿತು.

ಪೆನಾಂಗ್

ಮಲಯದ ಈ ಬಂದರಿನಲ್ಲಿ ನನ್ನನ್ನು ತಡೆದದ್ದು ಹುರಿಹಿಟ್ಟು. ಅಮ್ಮ ಒಂದು ದೊಡ್ಡ ಡಬ್ಬಿ ತುಂಬ ರಾಗಿ ಹುರಿಹಿಟ್ಟು ಕಳಿಸಿದ್ದಳು. ಬಂದರಿನ ಅಧಿಕಾರಿ ಮುಚ್ಚಳ ತೆಗೆದು ಮೂಸಿದ, ಬೆರಳಲ್ಲಿ ಉಜ್ಜಿದ, ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಮಣ್ಣು ಯಾಕೆ ತಂದಿದ್ದೀಯೆ ಎಂದು ಕೇಳಿದರು. ನನಗೆ ರೇಗಿಹೋಯಿತು. ರಾಗಿಯನ್ನು ಮಣ್ಣು ಅನ್ನುವುದೇ? ನೀರು ತರಿಸಿ, ಬೆಲ್ಲ ಹಾಕಿ, ಅವರ ಕಣ್ಣೆದುರೇ ಕಲಸಿ ಉಂಡೆ ಮಾಡಿ ತಿಂದೆ. ಒಂದು ಉಂಡೆ ಅವನ ಕೈಗೂ ಇಟ್ಟೆ. ಬೇಡವೆನ್ನಲಾರದೆ ತಿಂದ, ತಿಂದವನು ಇನ್ನೊಂದಕ್ಕೆ ಕೈಯೊಡ್ಡಿದ. ಮಾವ ಮಾತ್ರ ನಾಚಿಕೆಯಿಂದ ದೂರ ಹೋಗಿ ನಿಂತಿದ್ದ.

ಊರೊಳಗೆ ಹೋಗಲು ಸೈಕಲ್ ರಿಕ್ಷಾ. ನಮ್ಮಲ್ಲಿ ತುಳಿಯುವವನು ಮುಂದೆ, ಕೂರುವವರು ಹಿಂದೆ. ಅಲ್ಲಿ ತಿರುಗುಮುರುಗು: ನಾವು ಮುಂದೆ, ಅವನು ಬೆನ್ನ ಹಿಂದೆ. ಎದುರಿಗೆ ಲಾರಿ ಬಂದರೆ ಮೊದಲು ತಗಲುವುದು ನಮಗೇ! "ಅಯ್ಯೋ, ನೋಡ್ಕೊಂಡು ಹೋಗೋ ಮಾರಾಯ" ಎಂದು ನಾನು ಕನ್ನಡದಲ್ಲಿ ಕೂಗಿದಷ್ಟೂ ಆ ಚೀನಾದ ಮುದುಕ ಹುರುಪು ಬಂದು ಜೋರಾಗಿ ತುಳಿದ. ಕಾಫಿ ಅಂಗಡಿಯಲ್ಲಿ ಜನ ಡಬ್ಬಿಯ ಗಟ್ಟಿ ಹಾಲು ಹಾಕಿದ ಕಾಫಿಯನ್ನು ತಟ್ಟೆಗೆ ಸುರಿದು ಸೊರ್ರನೆ ಹೀರುತ್ತಿದ್ದರು. ಅದನ್ನು ಕಂಡು ಜೀವಕ್ಕೆ ಸಮಾಧಾನವಾಯಿತು. ನಮ್ಮಪ್ಪನೂ ಹಾಗೇ ಕುಡಿಯುವುದು. ಮಲಯದವರ ಮನೆಗಳು ಕಂಬಗಳ ಮೇಲೆ ನಿಂತಿದ್ದವು, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಚಪ್ಪಲಿ ಹೊರಗೆ ಬಿಡುವ ಜನರ ನಡುವೆ ಬದುಕಬಹುದು ಎಂದುಕೊಂಡೆ.

ತೋಟ

ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆಮೇಲೆ ಎಲ್ಲಿ ನೋಡಿದರೂ ರಬ್ಬರ್ ಮರ, ಒಂದೇ ಎತ್ತರ, ಒಂದೇ ಸಾಲು. ಬೆಳಗಾಗುವ ಹೊತ್ತಿಗೆ ಹೆಣ್ಣಾಳು ಗಂಡಾಳು ಹೋಗಿ ತೊಗಟೆಯನ್ನು ಓರೆಯಾಗಿ ಕೊಯ್ದು ಬಟ್ಟಲು ಕಟ್ಟುತ್ತಾರೆ, ಬಿಸಿಲೇರುವಷ್ಟರಲ್ಲಿ ಬಟ್ಟಲು ತುಂಬ ಬಿಳಿ ಹಾಲು. ನಾವು ಎಮ್ಮೆ ಕರೆದಂತೆ ಅವರು ಮರ ಕರೆಯುತ್ತಾರೆ.

ದೊರೆ, ಅಂದರೆ ತೋಟದ ಮ್ಯಾನೇಜರು, ಇಂಗ್ಲೆಂಡಿನವನು, ಉದ್ದಕ್ಕೆ ಒಣಗಿದ ಹಾಗಿದ್ದ. ಮಾತು ಕಮ್ಮಿ. ಆಸ್ಪತ್ರೆ ತೋರಿಸಿದ. ಹನ್ನೆರಡು ಹಾಸಿಗೆ, ಜ್ವರದವರು, ಗಾಯದವರು ಬರುತ್ತಿದ್ದರು. ಡಾಕ್ಟರು ಪೇಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಕೊನೆಗೆ ಹೆರಿಗೆ ಕೋಣೆ. ಹೊಸ ಮಂಚ, ಅದರ ಮೇಲೆ ಧೂಳು.

"ಎರಡು ವರ್ಷದಿಂದ ಇಲ್ಲಿ ಒಂದು ಹೆರಿಗೆಯೂ ಆಗಿಲ್ಲ" ಎಂದ. "ಎಲ್ಲರೂ ಮನೆಯಲ್ಲೇ ಹೆರುತ್ತಾರೆ. ಹೋದ ವರ್ಷ ನಾಲ್ಕು ಮಕ್ಕಳೂ ಇಬ್ಬರು ತಾಯಂದಿರೂ ಹೋದರು. ನಿನಗೆ ಮೂರು ತಿಂಗಳು. ಈ ಮಂಚ ಆಗಲೂ ಖಾಲಿಯಿದ್ದರೆ ನಿನಗೆ ಇಲ್ಲಿ ಕೆಲಸವಿಲ್ಲ."

"ಒಂದು ತಿಂಗಳು ಸಾಕು" ಎಂದೆ. ಮಾವ ಹಿಂದಿನಿಂದ ನನ್ನ ಸೆರಗು ಜಗ್ಗಿದ.

ಲೈನು ಮನೆಗಳು

ಕೂಲಿಕಾರರ ಸಾಲುಮನೆಗಳಿಗೆ ಲೈನು ಎನ್ನುತ್ತಾರೆ. ಮಾರನೇ ದಿನ ಗಂಜಿ ಹಾಕಿದ ಬಿಳಿ ಸೀರೆ ಉಟ್ಟೆ. ತರಬೇತಿಯಲ್ಲಿ ಕಲಿಸಿದಂತೆ ಕೈಗೆ ಬಳೆಯಿಲ್ಲ, ತಲೆಗೆ ಹೂವಿಲ್ಲ, ಹಣೆ ಬೋಳು. ಕನ್ನಡಿ ನೋಡಿ, ಪರವಾಗಿಲ್ಲವೇ ರತ್ನಮ್ಮ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಹೊರಟೆ.

ಮೊದಲ ಬಾಗಿಲು ಪೈಡಮ್ಮನದು. ಆರು ತಿಂಗಳ ಬಸುರಿ. ಹೋದ ವರ್ಷ ಸತ್ತ ನಾಲ್ಕು ಮಕ್ಕಳಲ್ಲಿ ಒಂದು ಅವಳದು ಎಂದು ಮಾವ ಹೇಳಿದ್ದ. ಬಾಗಿಲು ತೆರೆದಳು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ದಡಾರನೆ ಬಾಗಿಲು ಹಾಕಿದಳು. ಎರಡನೇ ಮನೆ, ಹಾಗೇ. ಮೂರನೆಯದು ನಾನು ಹೋಗುವ ಮುಂಚೆಯೇ ಮುಚ್ಚಿತು. ಸೂಜಿಗೆ ಹೆದರುತ್ತಾರೆ, ತಿಳಿವಳಿಕೆ ಇಲ್ಲದ ಜನ ಎಂದುಕೊಂಡು ದಿನಾ ಹೋದೆ, ದಿನಾ ಮುಖಕ್ಕೆ ಹೊಡೆದಂತೆ ಬಾಗಿಲು ಬಿತ್ತು. ನಾಲ್ಕು ವಾರ! ಜಂಬ ಇಳಿಯಿತು. ಅಪ್ಪನ ಅಟ್ಟ ಕಣ್ಣಿಗೆ ಕಾಣತೊಡಗಿತು.

ಐದನೇ ವಾರ ನಲ್ಲಿಯ ಹತ್ತಿರ ಸೂಲಗಿತ್ತಿ ಅಪ್ಪಲಮ್ಮ ಸಿಕ್ಕಿದಳು. ಲೈನಿನ ಹೆರಿಗೆಗಳೆಲ್ಲ ಅವಳ ಕೈಯವೇ. ಶ್ರೀಕಾಕುಳದ ಕಡೆಯ ತೆಲುಗು ಅವಳದು, ಚಿಂತಾಮಣಿಯ ತೆಲುಗು ನನ್ನದು. ಅವಳಿಗೆ ನನ್ನ ಮಾತು ಕೇಳಿದರೆ ನಗು. ಅವತ್ತು ನಗಲಿಲ್ಲ. ಅವಳ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ.

"ಅಮ್ಮಾಯಿ, ನಿನ್ನ ಗಂಡ ಹೋಗಿ ಎಷ್ಟು ದಿನ ಆಯ್ತಮ್ಮ?"

"ಯಾವ ಗಂಡ? ನನಗಿನ್ನೂ ಮದುವೇನೇ ಆಗಿಲ್ಲ!"

ಅಪ್ಪಲಮ್ಮ ಬಿಂದಿಗೆ ಕೆಳಗಿಟ್ಟಳು. "ಮತ್ತೆ ಈ ವೇಷ ಯಾಕೆ? ಬಸುರಿ ಹೆಂಗಸರ ಬಾಗಿಲಿಗೆ ಬೋಳು ಕೈ, ಬೋಳು ಹಣೆ, ಬಿಳಿ ಸೀರೆ ಉಟ್ಕೊಂಡು ಬರ್ತೀಯಲ್ಲ, ನಿಮ್ಮೂರಲ್ಲಿ ಹಿಂಗೇನಾ?"

ನಮ್ಮೂರಲ್ಲಿ ಹೀಗಲ್ಲ. ಮೇಲೂರಿನಲ್ಲಿ ಆ ರೂಪದಲ್ಲಿ ಬಸುರಿಯ ಮನೆಗೆ ಹೋದರೆ ನಮ್ಮಮ್ಮನೇ ಬಾಗಿಲು ಹಾಕುತ್ತಿದ್ದಳು. ಮೂರು ವರ್ಷ ವಾರ್ಡಿನಲ್ಲಿ ಕಳೆದು ಅದು ನನಗೆ ಮರೆತೇಹೋಗಿತ್ತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಗಂಡ ತೀರಿದ ಮೇಲೆ ನಮ್ಮ ದೊಡ್ಡಮ್ಮ ಪ್ರತಿ ಶುಭಕಾರ್ಯದಲ್ಲೂ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವುದನ್ನು ನೋಡಿ ಬೆಳೆದಿದ್ದೆ. ಆ ಪದ್ಧತಿ ಸರಿಯೆಂದು ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ನನ್ನ ಸಿಟ್ಟನ್ನು ಪೈಡಮ್ಮನ ಹೊಟ್ಟೆಯಲ್ಲಿರುವ ಮಗುವಿನ ಮೇಲೆ ತೀರಿಸಿಕೊಳ್ಳುವುದೇ? ಮನೆಗೆ ಹೋಗಿ ಹಣೆಗೆ ಕುಂಕುಮ ಇಟ್ಟೆ, ಕೈಗೆ ಬಳೆ ಹಾಕಿದೆ, ಜಡೆಗೆ ಮಾವನ ಹಿತ್ತಲಿನ ದಾಸವಾಳ ಸಿಕ್ಕಿಸಿದೆ.

ಬಾಗಿಲು ತೆರೆದವು. ಕುಡಿಯಲು ನೀರು ಕೊಟ್ಟರು, ಕೂರಲು ಮಣೆ ಕೊಟ್ಟರು. ಆಸ್ಪತ್ರೆಗೆ ಬನ್ನಿ ಎಂದರೆ ಮಾತ್ರ ಯಾರೂ ಬರಲಿಲ್ಲ.

ಪೇಟೆಯ ಬಳೆ ಅಂಗಡಿ

ಪೈಡಮ್ಮನ ಜಗುಲಿಯಲ್ಲಿ ಕೂತಿದ್ದಾಗ ಒಂದು ದಿನ ಮಾತು ಊರಿನ ಕಡೆ ಹೋಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು, ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸುವುದು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು.

"ನಿನಗೆ ತೊಡಿಸಿದ್ರಾ?" ಎಂದು ಕೇಳಿದೆ.

"ಯಾರು ತೊಡಿಸ್ತಾರೆ?" ಎಂದಳು. "ಅಮ್ಮ ಸಮುದ್ರದ ಆಚೆ. ಹೋದ ಸಲಾನೂ ಯಾರೂ ತೊಡಿಸಲಿಲ್ಲ. ಮಗು ಉಳೀಲಿಲ್ಲ." ಹೇಳುತ್ತಾ ಅತ್ತುಬಿಟ್ಟಳು.

ಆ ಲೈನಿನ ಒಬ್ಬ ಬಸುರಿಗೂ ಕೈಗೆ ಸಿಗುವಷ್ಟು ದೂರದಲ್ಲಿ ತವರಿರಲಿಲ್ಲ. ಇದು ನನಗೆ ಹೊಳೆದದ್ದು ಆಗಲೇ. ಮಾರನೇ ದಿನವೇ ಮಾವನನ್ನು ಎಳೆದುಕೊಂಡು ಪೇಟೆಗೆ ಹೋಗಿ, ಬಳೆ ಅಂಗಡಿಯಲ್ಲಿದ್ದ ಹಸಿರು ಗಾಜಿನ ಬಳೆಗಳನ್ನೆಲ್ಲ ತಂದೆ.

"ನೀನು ನರ್ಸಾ, ಬಳೆಗಾರ್ತಿಯಾ?" ಎಂದ ಮಾವ.

"ಸದ್ಯಕ್ಕೆ ಎರಡೂ. ಸುಮ್ನೆ ಗಂಟು ಹಿಡ್ಕೋ ಮಾವ."

ಶುಕ್ರವಾರ ಆಸ್ಪತ್ರೆಯ ಹಜಾರ ಗುಡಿಸಿ, ರಂಗೋಲಿ ಬಿಟ್ಟು, ಚಾಪೆ ಹಾಸಿದೆ. ಲೈನಿಗೆ ಹೋಗಿ, ಬಳೆ ಶಾಸ್ತ್ರ ನಮ್ಮಲ್ಲಿ, ಬನ್ನಿ ಎಂದು ಕುಂಕುಮ ಕೊಟ್ಟು ಕರೆದೆ. ತೊಡಿಸುವುದಕ್ಕೆ ಅಪ್ಪಲಮ್ಮನನ್ನೇ ಕೂರಿಸಿದೆ, ಅವಳಿಲ್ಲದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಒಂಬತ್ತು ಜನ ಬಂದರು! ಒಂದು ಕೈಗೆ ಅಪ್ಪಲಮ್ಮ ಬಳೆ ಏರಿಸುತ್ತಿದ್ದಳು, ಇನ್ನೊಂದು ಕೈಗೆ ನಾನು ರಕ್ತದೊತ್ತಡ ನೋಡುವ ಪಟ್ಟಿ ಸುತ್ತುತ್ತಿದ್ದೆ. ಅದೂ ಶಾಸ್ತ್ರದ ಒಂದು ಭಾಗವೆಂದು ಅವರು ತಿಳಿದರೆ ತಿಳಿಯಲಿ ಎಂದು ಬಿಟ್ಟೆ. ಅಲ್ಲಿಂದ ಪ್ರತಿ ಶುಕ್ರವಾರ ಬರತೊಡಗಿದರು. ಬಂದಾಗಲೆಲ್ಲ ಅಪ್ಪಲಮ್ಮ ಬಳೆಗಳನ್ನು ಮೊಣಕೈ ಕಡೆಗೆ ತಳ್ಳಿ, ಎಲ್ಲಿಯವರೆಗೆ ಹೋಗುತ್ತವೆಂದು ಆಟ ನೋಡುತ್ತಿದ್ದಳು. ಹೆರಿಗೆಯ ಮಾತೆತ್ತಿದರೆ ಮಾತ್ರ, "ಬಳೆಗೆ ಬರ್ತೀವಿ, ಹೆರೋದು ಮನೇಲೇ" ಎನ್ನುತ್ತಿದ್ದರು.

ಹತ್ತನೇ ವಾರ

ಆ ಶುಕ್ರವಾರ ಪೈಡಮ್ಮ ಬರಲಿಲ್ಲ. ನಾನೇ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ತಲೆ ಸಿಡಿಯುತ್ತಿದೆ, ಕಣ್ಣು ಮಂಜು ಎಂದಳು. ಪಕ್ಕದಲ್ಲಿದ್ದ ಅಪ್ಪಲಮ್ಮ, "ದೃಷ್ಟಿಯಾಗಿದೆ. ಮುಖ ನೋಡು ಎಷ್ಟು ತುಂಬ್ಕೊಂಡಿದೆ, ಗಂಡು ಮಗೂನೇ" ಎಂದಳು. ಪಟ್ಟಿ ಸುತ್ತಿ ನೋಡಿದರೆ ಪಾದರಸ ಇರಬಾರದಷ್ಟು ಮೇಲೇರಿತ್ತು. ಇದು ಮೈಯಲ್ಲಿ ನೀರು ತುಂಬಿ, ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ತೆಗೆದುಕೊಂಡು ಹೋಗುವ ಕಾಯಿಲೆ.

"ಈಗಲೇ ಆಸ್ಪತ್ರೆಗೆ ಹೋಗಬೇಕು" ಎಂದೆ.

"ಬ್ಯಾಡ. ಕೊನೆ ಗಳಿಗೇಲಿ ಅಲ್ಲಿಗೆ ಹೊತ್ಕೊಂಡು ಹೋದೋರು ವಾಪಸ್ ಬಂದಿಲ್ಲ" ಎಂದಳು ಪೈಡಮ್ಮ. ಅಪ್ಪಲಮ್ಮ ಬಾಗಿಲಿಗೆ ಅಡ್ಡ ನಿಂತಳು. ಪಾದರಸದ ಲೆಕ್ಕ ಅವಳಿಗೆ ಹೇಗೆ ಹೇಳಲಿ? ನನ್ನ ಕೆಲಸದ ಮಾತು ಆ ಕ್ಷಣಕ್ಕೆ ಮರೆತೇಹೋಗಿತ್ತು. ಈ ಹುಡುಗಿ ನನ್ನ ಕಣ್ಣೆದುರೇ ಸಾಯುತ್ತಾಳೆ ಎಂಬ ಭಯ ಒಂದೇ. ಅವಳ ಕೈ ಹಿಡಿದುಕೊಂಡಾಗ ಬಳೆ ಕಂಡವು.

"ಅಪ್ಪಲಮ್ಮ, ಬಾ ಇಲ್ಲಿ. ಈ ಬಳೆ ತಳ್ಳು ನೋಡೋಣ."

ಅವಳು ಬಂದು ತಳ್ಳಿದಳು. ಬಳೆ ಕದಲಲಿಲ್ಲ, ಮಾಂಸದೊಳಗೆ ಹೂತಿತ್ತು. ಅವಳ ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ಹೋದ ವಾರ ಎಲ್ಲೀವರೆಗೆ ಹೋಗಿತ್ತು?"

"ಮೊಣಕೈ ಹತ್ರ" ಎಂದಳು. ದನಿ ಇಳಿದಿತ್ತು.

"ನಿನ್ನ ಕೈಯಾರೆ ತೊಡಿಸಿದ ಬಳೆ. ಬಳೆ ಸಣ್ಣದಾಯ್ತಾ?"

ಅಪ್ಪಲಮ್ಮ ಒಂದು ಗಳಿಗೆ ಆ ಕೈಯನ್ನೇ ನೋಡಿದಳು. ಆಮೇಲೆ ಹೊರಗೆ ಹೋಗಿ ಇಡೀ ಲೈನು ಕೇಳುವಂತೆ ಕೂಗಿದಳು: "ಮಂಚ ತನ್ರೋ! ನಾಲ್ಕು ಜನ ಬನ್ರೋ!"

ಡಾಕ್ಟರಿಗೆ ಮಾವ ಫೋನು ಮಾಡಿದ. ಮಧ್ಯಾಹ್ನಕ್ಕೆ ಬಂದು ಇಂಜೆಕ್ಷನ್ ಕೊಟ್ಟು, ಬೆಳಕು ಬೇಡ, ಸದ್ದು ಬೇಡ ಎಂದರು. ಅದು ನನಗೆ ಹೊಸದಲ್ಲ. ರೇಷ್ಮೆ ಹುಳ ಮೇವು ಬಿಟ್ಟು, ತಲೆಯೆತ್ತಿ, ಪೊರೆ ಬಿಡಲು ಮಲಗುವುದಕ್ಕೆ ನಮ್ಮಲ್ಲಿ ಜ್ವರಕ್ಕೆ ಹೋಗುವುದು ಎನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರೂ ಬಿಡುವುದಿಲ್ಲ. ಹಾಗೇ ಕಾದೆ. ಅಪ್ಪಲಮ್ಮ ಬಾಗಿಲಲ್ಲಿ ಕೂತು, ಸೀನಿದವರನ್ನೂ ಬೈದು ಅಟ್ಟಿದಳು. ಮೂರನೇ ದಿನ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಮಗು, ಸಣ್ಣದು, ಆದರೆ ಅತ್ತದ್ದು ಆಫೀಸಿನವರೆಗೆ ಕೇಳಿಸಿತಂತೆ. ಗಂಡು ಎಂದಿದ್ದ ಅಪ್ಪಲಮ್ಮ ನನ್ನ ಕಡೆ ತಿರುಗಿ, "ಒಂದು ಮಾತು ತಪ್ಪಿತು, ಅಷ್ಟೇ ತಾನೆ?" ಎಂದಳು. ಇಬ್ಬರೂ ನಕ್ಕು ನಕ್ಕು ಅತ್ತೆವು.

ಮೂರು ತಿಂಗಳ ಕೊನೆಯ ದಿನ

ಬೆಳಗ್ಗೆ ದೊರೆ ಬಂದ. ನಾನು ಒಗೆದ ಸೀರೆ ಉಟ್ಟು, ಕುಂಕುಮ ಇಟ್ಟು, ಏನು ಹೇಳುತ್ತಾನೋ ಎಂದು ಬಿಗಿದುಕೊಂಡು ನಿಂತಿದ್ದೆ. ಹೆರಿಗೆ ಕೋಣೆಗೆ ಇಣುಕಿದ. ಮಂಚದ ಮೇಲೆ, ಇನ್ನೂ ನನ್ನ ಆರೈಕೆಯಲ್ಲೇ ಇದ್ದ ಪೈಡಮ್ಮ ಮಗುವಿಗೆ ಹಾಲೂಡಿಸುತ್ತಿದ್ದಳು. ಹಜಾರದಲ್ಲಿ ಇನ್ನಿಬ್ಬರು ತಮ್ಮ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು, ಒಬ್ಬಳಿಗೆ ಆಗಲೇ ನೋವು ಶುರುವಾಗಿತ್ತು.

"ಇನ್ನೊಂದು ಮಂಚ ಬೇಕಾಗುತ್ತೆ, ಅಲ್ಲವೇ ಸಿಸ್ಟರ್?" ಎಂದ. ಟೋಪಿ ಹಾಕಿಕೊಂಡು ಹೋದ.

ನಾನು ಮಾವನ ಮುಖ ನೋಡಿದೆ. "ನನ್ನ ಕೆಲಸದ ಬಗ್ಗೆ ಏನೂ ಹೇಳ್ಲೇ ಇಲ್ವಲ್ಲ ಮಾವ?"

"ಇನ್ನು ಹೆಂಗೆ ಹೇಳ್ಬೇಕು ಕಣೇ, ಡೋಲು ಬಡಿಸ್ಬೇಕಾ?"

ಸಂಜೆ ಪೈಡಮ್ಮ ಮನೆಗೆ ಹೊರಟಳು. ಮೆಟ್ಟಿಲವರೆಗೆ ಹೋದವಳು ಮಗು ಎತ್ತಿಕೊಂಡು ಸುಮ್ಮನೆ ನಿಂತಳು. ಯಾಕೆಂದು ನನಗೆ ತಿಳಿಯಲಿಲ್ಲ. ಅಪ್ಪಲಮ್ಮ ನನ್ನ ಪಕ್ಕೆ ತಿವಿದು, "ಬಾಣಂತೀನ ಬರಿ ಮಡಿಲಲ್ಲಿ ಕಳಿಸ್ತಾರಾ ಅಮ್ಮಾಯಿ?" ಎಂದಳು. ಮಾವನ ಮನೆಗೆ ಓಡಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಶಿನ ತಂದು ಅವಳ ಮಡಿಲು ತುಂಬಿದೆ. ಕಾಲಿಗೆ ಬಗ್ಗಲು ಬಂದವಳನ್ನು ತಡೆದೆ. "ಹೋಗಿ ಬರ್ತೀನಮ್ಮ" ಎಂದಳು. ಊರು ಬಿಡುವಾಗ ಅಳದಿದ್ದ ನಾನು ಆಗ ಅತ್ತೆ.

ಅವತ್ತೇ ಅಪ್ಪನಿಗೆ ಕಾಗದ ಬರೆದೆ. "ಅಪ್ಪ, ಇಲ್ಲಿ ನನಗೊಬ್ಬ ಮಗಳಾಗಿದ್ದಾಳೆ, ನನಗಿಂತ ಎರಡು ವರ್ಷ ದೊಡ್ಡವಳು. ಬಾಣಂತನ ಮಾಡಿ, ಮಡಿಲು ತುಂಬಿ ಇವತ್ತು ಗಂಡನ ಮನೆಗೆ ಕಳಿಸಿದೆ. ಇನ್ನಿಬ್ಬರು ಬಂದು ಕೂತಿದ್ದಾರೆ. ಸದ್ಯಕ್ಕೆ ನಾನು ಬರುವುದಕ್ಕಾಗುವುದಿಲ್ಲ. ಹುಳ ಮೇಯಿಸುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ."